ನೇಮದ ಹೊತ್ತು: ಜತ್ತ ಸೀಮೆಯ ನಿತ್ಯಸಾಧನೆಯ ಚರಿತ್ರೆ

ಭಕ್ತಿಪಂಥಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗ್ರಂಥಗಳನ್ನೂ ಗುರುಪರಂಪರೆಯನ್ನೂ ಪವಾಡಗಳನ್ನೂ ಹಿಡಿದು ಹೊರಡುತ್ತಾರೆ. ಒಂದು ಪಂಥವು ತನ್ನವರ ದಿನದಿಂದ ಎಷ್ಟು ಹೊತ್ತನ್ನು ಕೇಳಿತು, ಆ ಹೊತ್ತನ್ನು ಅವರು ಯಾವ ಕೆಲಸದಿಂದ ಬಿಡಿಸಿಕೊಂಡು ಕೊಟ್ಟರು ಎಂದು ಕೇಳಿಕೊಳ್ಳುವವರು ಕಡಿಮೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂದಿನ ವಿಜಯಪುರ ಜಿಲ್ಲೆಯ ಉತ್ತರ ಭಾಗದಲ್ಲಿಯೂ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿಯೂ ಬೇರುಬಿಟ್ಟ ಇಂಚಗೇರಿ ಸಂಪ್ರದಾಯದ ಮಟ್ಟಿಗಂತೂ ಈ ಪ್ರಶ್ನೆಯನ್ನು ಕೇಳದೆ ಮುಂದೆ ಹೋಗಲು ಬರುವುದಿಲ್ಲ, ಏಕೆಂದರೆ ಅದು ಹೊಸ ದೇವರನ್ನು ತರಲಿಲ್ಲ, ಹೊಸ ಶಾಸ್ತ್ರವನ್ನು ಕಟ್ಟಲಿಲ್ಲ, ಹೊಸ ಜಾತಿಯನ್ನೂ ಹುಟ್ಟಿಸಲಿಲ್ಲ. ಅದು ಕೇಳಿದ್ದು ದಿನದ ಒಂದು ಪಾಲನ್ನು. ಗುರುವಿನಿಂದ ಪಡೆದ ನಾಮವನ್ನು ಗೊತ್ತುಪಡಿಸಿದ ವೇಳೆಗೆ, ಒಂದೆಡೆ ಕುಳಿತು, ಸಂಸಾರವನ್ನಾಗಲಿ ದುಡಿಮೆಯನ್ನಾಗಲಿ ಬಿಡದೆ, ತಪ್ಪದೆ ಸ್ಮರಿಸುವ ಈ ಆಚರಣೆಗೆ ಆ ಭಾಗದ ಜನ ನೇಮವೆನ್ನುತ್ತಾರೆ.

ಜತ್ತ ತಾಲೂಕು ಸಾಂಗ್ಲಿ ಜಿಲ್ಲೆಯ ಪೂರ್ವದ ತುದಿಯಲ್ಲಿ, ವಿಜಯಪುರ ಜಿಲ್ಲೆಗೆ ತಾಗಿಕೊಂಡಿರುವ ಮಳೆನೆರಳಿನ ನಾಡು. ಸಹ್ಯಾದ್ರಿ ದಾಟಿ ಬರುವ ಮೋಡಗಳು ಇಲ್ಲಿಗೆ ಮುಟ್ಟುವ ಹೊತ್ತಿಗೆ ಬರಿದಾಗಿರುತ್ತವೆಯಾದ್ದರಿಂದ ಜೋಳ, ಸಜ್ಜೆ, ಕುರಿಸಾಕಣೆಗಳೇ ಬಹುಕಾಲ ಇಲ್ಲಿಯ ಬದುಕನ್ನು ಎತ್ತಿಹಿಡಿದವು. ಆದಿಲಶಾಹಿ ಕಾಲದಲ್ಲಿ ಮೇಲೆ ಬಂದ ಡಫಳೆ ಮನೆತನದ ಜಹಗೀರಾಗಿ, ಮುಂದೆ ಬ್ರಿಟಿಷರ ಅಧೀನದ ಸಂಸ್ಥಾನವಾಗಿ ಉಳಿದಿದ್ದ ಜತ್ತವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡು ದಕ್ಷಿಣ ಸಾತಾರಾ ಜಿಲ್ಲೆಗೆ ಸೇರಿತು. ಆ ಜಿಲ್ಲೆಯೇ 1960ರಲ್ಲಿ ಸಾಂಗ್ಲಿ ಎಂಬ ಹೆಸರು ಪಡೆಯಿತು. ವಳಸಂಗ, ಉಮದಿ, ಸಂಖ, ಉಮರಾಣಿ, ಗುಡ್ಡಾಪುರ ಮೊದಲಾದ ಊರುಗಳ ಈ ಸೀಮೆಯಲ್ಲಿ ಕಚೇರಿಯ ಕಾಗದ ಮರಾಠಿಯಲ್ಲಿಯೂ ಮನೆಯ ಮಾತು ಬಹುಮಟ್ಟಿಗೆ ಕನ್ನಡದಲ್ಲಿಯೂ ನಡೆದುಬಂದಿದೆ. ಉತ್ತರಕ್ಕೆ ಪಂಢರಪುರ, ಈಶಾನ್ಯಕ್ಕೆ ಸಿದ್ಧರಾಮನ ಸೊನ್ನಲಿಗೆಯಾದ ಸೊಲ್ಲಾಪುರ, ಆಗ್ನೇಯಕ್ಕೆ ಸೂಫಿಗಳ ದರ್ಗಾಗಳಿಂದ ತುಂಬಿದ ವಿಜಯಪುರ ಇರುವುದರಿಂದ ಇಲ್ಲಿಯ ರೈತನಿಗೆ ಅಭಂಗವೂ ವಚನವೂ ಪೀರರ ಹರಕೆಯೂ ಪರಕೀಯವಾಗಿರಲಿಲ್ಲ.

ನಿತ್ಯದ ಲೆಕ್ಕದಲ್ಲಿ ಭಕ್ತಿಯನ್ನು ಅಳೆಯುವ ಪದ್ಧತಿಯೂ ಈ ನೆಲಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನು, ಎಂದರೆ ಅಂದಂದಿನ ಅನ್ನವನ್ನು ಅಂದಂದೇ ಪ್ರಾಮಾಣಿಕವಾಗಿ ದುಡಿದು ಗಳಿಸುವುದನ್ನು, ದಾಸೋಹದ ಅಡಿಪಾಯವಾಗಿ ಇಟ್ಟರು. ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದ ಗಂಡನನ್ನು ಅದನ್ನು ಮರಳಿ ಸುರಿದು ಬರುವಂತೆ ಕಳಿಸಿದ ಆಯ್ದಕ್ಕಿ ಲಕ್ಕಮ್ಮನ ಕಥೆ ಆ ದಿನಗಟ್ಟಲೆಯ ಲೆಕ್ಕಾಚಾರದ ಕಥೆಯೇ. ಉಮರಾಣಿಯಲ್ಲಿ ಹುಟ್ಟಿ, ಬಸವಣ್ಣನವರಿಂದ ದಾನಮ್ಮನೆಂಬ ಹೆಸರು ಪಡೆದಳೆಂದು ನಂಬಲಾಗಿರುವ ಶರಣೆ ನೆಲೆಸಿದ ಗುಡ್ಡಾಪುರ ಇದೇ ತಾಲೂಕಿನಲ್ಲಿದ್ದು, ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ಕರ್ನಾಟಕದ ಕಡೆಯಿಂದ ಇಂದಿಗೂ ಜನ ಕಾಲ್ನಡಿಗೆಯಲ್ಲಿ ಬರುತ್ತಾರೆ. ಲಿಂಗಾಯತರಲ್ಲಿ ಇಷ್ಟಲಿಂಗದ ನಿತ್ಯಪೂಜೆ, ಬ್ರಾಹ್ಮಣರಲ್ಲಿ ತ್ರಿಕಾಲ ಸಂಧ್ಯಾವಂದನೆ, ಮುಸಲ್ಮಾನರಲ್ಲಿ ಐದು ವೇಳೆಯ ನಮಾಜು, ಹೀಗೆ ದಿನವನ್ನು ಹಂಚಿಕೊಂಡ ಆಚರಣೆಗಳು ಅಕ್ಕಪಕ್ಕದ ಓಣಿಗಳಲ್ಲಿಯೇ ನಡೆಯುತ್ತಿದ್ದವು. ಇವುಗಳ ಜೊತೆಗಿದ್ದ ಇನ್ನೊಂದು ಬಗೆಯ ಭಕ್ತಿ ವರ್ಷಕ್ಕೊಮ್ಮೆ ಉಕ್ಕುವಂಥದು: ಆಷಾಢದ ವಾರಿ, ಎಂದರೆ ಪಂಢರಪುರದ ಪಾದಯಾತ್ರೆ, ಊರ ಜಾತ್ರೆ, ಉರುಸು. ಈ ಎರಡನೆಯ ಬಗೆಗೆ ಜನ ಸೇರಿದಷ್ಟು ಮೊದಲನೆಯದಕ್ಕೆ ಎಂದೂ ಸೇರಿಲ್ಲ, ಮತ್ತು ಅದರ ಕಾರಣವೂ ನಿಗೂಢವೇನಲ್ಲ. ವರ್ಷದ ಹದಿನೈದು ದಿನವನ್ನು ಒಮ್ಮೆಗೇ ಕೊಡುವುದು ಪ್ರತಿ ಬೆಳಗಿನ ನಿದ್ದೆಯನ್ನು ಕೊಡುವುದಕ್ಕಿಂತ ಸುಲಭ.

ಇಂಚಗೇರಿ ಸಂಪ್ರದಾಯದ ಮೂಲಪುರುಷರೆಂದು ಮನ್ನಿಸಲಾಗುವ ನಿಂಬರಗಿ ಮಹಾರಾಜರ ಚರಿತ್ರೆ ಈ ಕಷ್ಟವನ್ನು ಮುಚ್ಚಿಡದೆ ಹೇಳುವುದರಿಂದಲೇ ಗಮನ ಸೆಳೆಯುತ್ತದೆ. ಅವರು ಸೊಲ್ಲಾಪುರದ ಕಡೆಯ ಲಿಂಗಾಯತ ನೀಲಗಾರ ಮನೆತನದವರು. ನೀಲಗಾರರೆಂದರೆ ನೂಲಿಗೆ, ಬಟ್ಟೆಗೆ ನೀಲಿ ಬಣ್ಣ ಕಟ್ಟುವವರು. ನೀಲಿಯ ಹುಳಿಹಿಡಿದ ಬಾನಿಯನ್ನು ದಿನವೂ ನೋಡಿಕೊಂಡು ಕಲಕದಿದ್ದರೆ ಬಣ್ಣ ಕೆಡುವುದರಿಂದ ರಜೆ ಎಂಬುದನ್ನು ಅರಿಯದ ಕಸುಬು ಅದು. ಸಂಪ್ರದಾಯದ ಕಥನದ ಪ್ರಕಾರ ಸುಮಾರು ಇಪ್ಪತ್ತೈದರ ವಯಸ್ಸಿನಲ್ಲಿ ಕೊಲ್ಲಾಪುರದ ಹತ್ತಿರದ ಸಿದ್ಧಗಿರಿಯಲ್ಲಿ ಅವರಿಗೆ ಮುಪ್ಪಿನ ಮುನಿ ಎಂಬ ಯತಿ ನಾಮೋಪದೇಶ ಮಾಡಿದರು. ಆದರೆ ಉಪದೇಶ ಪಡೆದು ಊರಿಗೆ ಮರಳಿದ ತರುಣ ಅದನ್ನು ಮರೆತುಬಿಟ್ಟ. ಆರು ವರ್ಷಗಳ ಕಾಲ ಏನೂ ನಡೆಯಲಿಲ್ಲ. ಗುರುವೇ ಮತ್ತೊಮ್ಮೆ ಎದುರಾಗಿ ನೆನಪಿಸಿದ ಮೇಲೆ, ಮೂವತ್ತೊಂದರ ವಯಸ್ಸಿನಲ್ಲಿ ನಿಜವಾದ ಆರಂಭವಾಯಿತು. ಅಲ್ಲಿಂದ ಮೂವತ್ತಾರು ವರ್ಷ ಸಾಧನೆ ನಡೆಸಿ, 1857ರಿಂದ ಅವರು ಇತರರಿಗೆ ಉಪದೇಶ ಕೊಡತೊಡಗಿದರು.

ಸಂತಚರಿತ್ರೆಗಳಲ್ಲಿ ನಾಯಕನು ಮಂತ್ರ ಪಡೆದ ಕೂಡಲೇ ಬದಲಾಗುವುದು ವಾಡಿಕೆ. ಇಲ್ಲಿ ಬದಲಾವಣೆಗೆ ಮೊದಲು ಆರು ವರ್ಷಗಳ ಆಲಸ್ಯವಿದೆ. ಅದನ್ನು ಶಿಷ್ಯರು ಅಳಿಸಿಹಾಕದೆ ಉಳಿಸಿಕೊಂಡದ್ದರಲ್ಲಿ ಒಂದು ತಿಳಿವಳಿಕೆ ಇದೆ. ಉಪದೇಶವನ್ನು ಪೂಜ್ಯವೆಂದು ನಂಬುವುದೂ ಅದಕ್ಕಾಗಿ ದಿನದಲ್ಲಿ ಹೊತ್ತು ಬಿಡಿಸಿಡುವುದೂ ಎರಡು ಬೇರೆ ಕ್ರಿಯೆಗಳು, ಮೊದಲನೆಯದು ಎರಡನೆಯದನ್ನು ತಾನಾಗಿ ಹುಟ್ಟಿಸುವುದಿಲ್ಲ ಎಂಬುದು ಈ ಪರಂಪರೆಯ ಮೊದಲ ಪಾಠವಾಯಿತು. ಬಣ್ಣದ ಕಸುಬನ್ನು ಬಿಟ್ಟು ಅವರು ಕುರಿ ಕಾಯುವ ಕೆಲಸಕ್ಕೆ ಇಳಿದರೆಂಬ ವಿವರವನ್ನೂ ಇದೇ ಬೆಳಕಿನಲ್ಲಿ ಓದಬೇಕು: ಸಂಸಾರವನ್ನು ತ್ಯಜಿಸದೆ, ಹೊಟ್ಟೆಪಾಡನ್ನೂ ಬಿಡದೆ, ಬಾನಿಗೆ ಒತ್ತೆಬಿದ್ದ ಗಮನವನ್ನು ಅವರು ಬಿಡಿಸಿಕೊಂಡರು, ಏಕೆಂದರೆ ಅಡವಿಯಲ್ಲಿ ಮೇಯುವ ಹಿಂಡಿನ ಹಿಂದೆ ನಡೆಯುವವನಿಗೆ ಕಣ್ಣು ದುಡಿಯುತ್ತಿದ್ದರೂ ನಾಲಗೆ ಬಿಡುವಾಗಿರುತ್ತದೆ. ಅವರ ಕನ್ನಡ ಉಪದೇಶಗಳು ಬೋಧಸುಧೆ ಎಂಬ ಹೆಸರಿನಲ್ಲಿ ಸಂಗ್ರಹವಾಗಿವೆ.

ಈ ವೈಯಕ್ತಿಕ ಸಾಧನೆಯನ್ನು ಒಂದು ಸಮುದಾಯದ ವೇಳಾಪಟ್ಟಿಯನ್ನಾಗಿ ಮಾಡಿದವರು ಉಮದಿಯ ಭಾವೂಸಾಹೇಬ ಮಹಾರಾಜರು. 1843ರಲ್ಲಿ ಉಮದಿಯ ದೇಶಪಾಂಡೆ ಮನೆತನದಲ್ಲಿ ಹುಟ್ಟಿದ ಅವರ ಮೂಲ ಹೆಸರು ವೆಂಕಟೇಶ ಖಂಡೇರಾವ ದೇಶಪಾಂಡೆ. ದೇಶಪಾಂಡೆ ಎಂಬುದು ಪರಗಣೆಯ ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ವಂಶಪಾರಂಪರ್ಯ ಹುದ್ದೆ, ಅದಕ್ಕೆ ತಕ್ಕ ಇನಾಮು ಭೂಮಿಯೂ ಇರುತ್ತಿತ್ತು. ಅಂಥ ವತನದಾರ ಬ್ರಾಹ್ಮಣ ಮನೆಯ ಹುಡುಗನನ್ನು ನಿಂಬರಗಿ ಮಹಾರಾಜರ ಶಿಷ್ಯರಾದ ರಘುನಾಥಪ್ರಿಯ ಮಹಾರಾಜರು ಲಿಂಗಾಯತ ನೀಲಗಾರರಾದ ತಮ್ಮ ಗುರುವಿನ ಬಳಿಗೆ ಕರೆದೊಯ್ದರು, ಅವನು ಅವರ ಪಾದಕ್ಕೆರಗಿ ಉಪದೇಶ ಪಡೆದನು ಎಂಬುದು ಆ ಕಾಲದ ಗ್ರಾಮಜೀವನದಲ್ಲಿ ಸಣ್ಣ ಮಾತಾಗಿರಲಿಲ್ಲ. 1885ರಲ್ಲಿ ಅವರು ಉಮದಿಯಿಂದ ಹೆಚ್ಚು ದೂರವಿಲ್ಲದ ಇಂಚಗೇರಿಯಲ್ಲಿ ಮಠವನ್ನು ಸ್ಥಾಪಿಸಿದರು. 1914ರ ಜನವರಿ 29ರಂದು ಅಲ್ಲಿಯೇ ದೇಹಬಿಟ್ಟರು.

ಭಾವೂಸಾಹೇಬರು ಮಠದಲ್ಲಿ ನೆಲೆಗೊಳಿಸಿದ ದಿನಚರಿ ನಸುಕಿನ ಕಾಕಡಾರತಿಯಿಂದ, ಎಂದರೆ ದೇವರನ್ನು ಎಬ್ಬಿಸುವ ಬತ್ತಿಯ ಆರತಿಯಿಂದ ಮೊದಲಾಗಿ, ಬೆಳಗಿನ ನೇಮ, ಸಮರ್ಥ ರಾಮದಾಸರ ದಾಸಬೋಧದ ವಾಚನ, ಮಧ್ಯಾಹ್ನದ ಭಜನೆ, ಸಂಜೆಯ ಆರತಿ, ರಾತ್ರಿಯ ನೇಮ ಇವುಗಳಲ್ಲಿ ಸಾಗುತ್ತಿತ್ತು. ಹಾಡಬೇಕಾದ ಪದಗಳನ್ನು ವೇಳೆಗೆ ತಕ್ಕಂತೆ ಜೋಡಿಸಿದ ನಿತ್ಯನೇಮಾವಳಿ ಎಂಬ ಸಂಗ್ರಹ ಮನೆಯಲ್ಲಿಯೂ ಹೊಲದ ಗುಡಿಸಲಿನಲ್ಲಿಯೂ ಅದೇ ಕ್ರಮವನ್ನು ನಡೆಸಿಕೊಂಡು ಹೋಗಲು ನೆರವಾಯಿತು. ಮರಾಠಿ ಅಭಂಗಗಳೊಂದಿಗೆ ಕನ್ನಡ ಪದಗಳೂ ಹಾಡಿಗೆ ಬಂದವು. ಒಂದೇ ಕೂಟದಲ್ಲಿ ಒಂದೇ ಟಾಳದ ಗತಿಗೆ ಎರಡೂ ಭಾಷೆಗಳು ಹೊಂದಿಕೊಂಡವು. ವರ್ಷದಲ್ಲಿ ಕೆಲವು ಬಾರಿ ನಡೆಯುವ ಸಪ್ತಾಹ, ಅಂದರೆ ಏಳು ದಿನಗಳ ನಿರಂತರ ಭಜನೆ ಮತ್ತು ಪ್ರವಚನ, ಹೊರನೋಟಕ್ಕೆ ಜಾತ್ರೆಯಂತೆ ಕಂಡರೂ ಅದರ ಉದ್ದೇಶ ಬೇರೆ: ಒಬ್ಬೊಬ್ಬರೇ ಮನೆಯಲ್ಲಿ ಹಿಡಿದುಕೊಂಡು ಬಂದ ನೇಮಕ್ಕೆ ಮರುಚಾಲನೆ ಕೊಡುವುದು. ಭಾವೂಸಾಹೇಬರು ನಿದ್ದೆ ಮೈಮೇಲೆ ಬರಬಾರದೆಂದು ರಾತ್ರಿ ನಿಂತುಕೊಂಡೇ ನೇಮ ಮಾಡುತ್ತಿದ್ದರೆಂದು ಶಿಷ್ಯರು ಹೇಳಿಕೊಂಡು ಬಂದಿದ್ದಾರೆ.

ಇಲ್ಲಿ ಒಂದು ಆಕ್ಷೇಪಣೆಗೆ ಎಡೆಯಿದೆ. ವತನದ ಆದಾಯವಿದ್ದ ದೇಶಪಾಂಡೆಯ ರಾತ್ರಿಯೂ ಹಗಲೆಲ್ಲ ಕುಂಟೆ ಹೊಡೆದು ಬಂದ ಕೂಲಿಯವನ ರಾತ್ರಿಯೂ ಒಂದೇ ಅಲ್ಲ. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕೂತು, ದೂರದ ಬಾವಿಯಿಂದ ನೀರು ಹೊತ್ತು, ಬುತ್ತಿ ಕಟ್ಟಿ, ಮಕ್ಕಳನ್ನು ಎಬ್ಬಿಸಬೇಕಾದ ಹೆಂಗಸಿನ ಬೆಳಗು ಇವರಿಬ್ಬರದಕ್ಕಿಂತಲೂ ಇಕ್ಕಟ್ಟಿನದು. ಎಲ್ಲರಿಗೂ ದಿನಕ್ಕೆ ಅಷ್ಟೇ ಗಳಿಗೆಗಳಿವೆ ಎಂಬ ಉಪದೇಶಕರ ಸಮಾಧಾನ ಎಲ್ಲ ಕಾಲದಲ್ಲಿಯೂ ಅರ್ಧಸತ್ಯವೇ. ಆದರೂ ನೇಮದ ರಚನೆಯಲ್ಲಿ ಈ ಅಸಮಾನತೆಯನ್ನು ಸ್ವಲ್ಪಮಟ್ಟಿಗೆ ತಗ್ಗಿಸುವ ಗುಣವಿತ್ತು. ಅದಕ್ಕೆ ಮಡಿಯ ಬಟ್ಟೆಯಾಗಲಿ ಪುರೋಹಿತನಾಗಲಿ ಪೂಜೆಯ ಸಾಮಗ್ರಿಯಾಗಲಿ ಬೇಕಿರಲಿಲ್ಲ, ಅಕ್ಷರ ಬಾರದವರಿಗೂ ಅದು ಸಾಧ್ಯವಿತ್ತು, ಕುಳಿತು ಮಾಡುವ ಹೊತ್ತು ಕಡಿಮೆಯಾದವರು ಕೆಲಸದ ನಡುವೆಯೂ ನಾಮವನ್ನು ಮುಂದುವರಿಸಬಹುದಿತ್ತು. ಭಾವೂಸಾಹೇಬರ ಶಿಷ್ಯರಲ್ಲಿ ಜತ್ತದ ಶಿವಲಿಂಗವ್ವನಂಥ ಸಾಧಕಿಯ ಹೆಸರು ಗೌರವದಿಂದ ಉಳಿದುಬಂದಿರುವುದು ಆ ಬಾಗಿಲು ಹೆಂಗಸರಿಗೆ ಮುಚ್ಚಿರಲಿಲ್ಲ ಎಂಬುದಕ್ಕೆ ಸಾಕ್ಷಿ. ಇಂಚಗೇರಿ ಮಠದ ಒಂದು ಶಾಖೆಯನ್ನು ಮುಂದೆ ನಡೆಸಿದ ಮಾಧವಾನಂದ ಪ್ರಭುಗಳು ಸ್ವಾತಂತ್ರ್ಯ ಹೋರಾಟದಲ್ಲಿ ತೊಡಗಿದ್ದಲ್ಲದೆ ಅಂತರ್ಜಾತೀಯ ವಿವಾಹಗಳನ್ನು ಮಾಡಿಸುವುದನ್ನು ಮಠದ ಕೆಲಸವೆಂದೇ ತಿಳಿದಿದ್ದರು.

ದಿನನಿತ್ಯದ ಸಾಧನೆಯನ್ನು ಇದೇ ಬರದ ನಾಡಿನಲ್ಲಿ ಇನ್ನೊಬ್ಬರು ತೀರ ಬೇರೆ ಬಗೆಯಲ್ಲಿ ಪ್ರಯೋಗಿಸಿದ್ದರು. ಜತ್ತಕ್ಕೆ ನೆರೆಯಾದ ಆಟಪಾಡಿಯನ್ನು ಒಳಗೊಂಡಿದ್ದ ಔಂಧ ಸಂಸ್ಥಾನದ ರಾಜ ಭವಾನರಾವ ಪಂತ ಪ್ರತಿನಿಧಿ ಸೂರ್ಯನಮಸ್ಕಾರದ ನಿತ್ಯವ್ರತಿ. ತಾನು ಮಾಡುತ್ತಿದ್ದುದಲ್ಲದೆ ಸಂಸ್ಥಾನದ ಶಾಲೆಗಳಲ್ಲಿಯೂ ಅದನ್ನು ಕಡ್ಡಾಯಗೊಳಿಸಿದನು. ರಾಜಾಜ್ಞೆಯಿಂದ ಬಂದ ನಿತ್ಯವಿಧಿ ಶಾಲೆಯ ಗಂಟೆಯೊಂದಿಗೆ ಬಂದು ಗಂಟೆಯೊಂದಿಗೆ ಹೋಗುವಂಥದು. ಇಂಚಗೇರಿಯ ನೇಮಕ್ಕೆ ಹಾಜರಿ ಪುಸ್ತಕವಿರಲಿಲ್ಲ. ತಪ್ಪಿಸಿದವನಿಗೆ ಶಿಕ್ಷೆಯಾಗಲಿ ಮಾಡಿದವನಿಗೆ ಬಹುಮಾನವಾಗಲಿ ಇರಲಿಲ್ಲ. ಗುರುಬಂಧುಗಳ, ಎಂದರೆ ಒಂದೇ ಗುರುವಿನಿಂದ ನಾಮ ಪಡೆದವರ ಒಡನಾಟವೊಂದೇ ಅದನ್ನು ಕಾಯುತ್ತಿತ್ತು, ಮತ್ತು ಹಳ್ಳಿಯಲ್ಲಿ ಆ ಕಾವಲು ರಾಜಾಜ್ಞೆಗಿಂತ ಸಡಿಲವಾದದ್ದೇನೂ ಅಲ್ಲ.

ಭಾವೂಸಾಹೇಬರ ನಂತರ ಪರಂಪರೆ ಹಲವು ಕವಲುಗಳಾಗಿ ಒಡೆಯಿತು. ಜಿಗಜೇವಣಿಯ ಅಂಬುರಾವ ಮಹಾರಾಜರ (1857–1933) ಕವಲಿನಲ್ಲಿ ಬಂದ ರಾಮಚಂದ್ರ ದತ್ತಾತ್ರೇಯ ರಾನಡೆ, ಜನರ ಬಾಯಲ್ಲಿ ಗುರುದೇವ ರಾನಡೆ, ಈ ಹಳ್ಳಿಗಾಡಿನ ನೇಮವನ್ನು ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರದ ಭಾಷೆಗೆ ತಂದರು. 1886ರ ಜುಲೈ 3ರಂದು ಜಮಖಂಡಿಯಲ್ಲಿ ಹುಟ್ಟಿದ ಅವರು ಶಾಲೆಯಲ್ಲಿ ಓದುತ್ತಿದ್ದಾಗಲೇ, 1901ರಲ್ಲಿ, ಭಾವೂಸಾಹೇಬರಿಂದ ನಾಮ ಪಡೆದರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿಯೂ ಸಾಂಗ್ಲಿಯ ವಿಲಿಂಗ್ಡನ್ ಕಾಲೇಜಿನಲ್ಲಿಯೂ ಕಲಿಸಿ, ಅನಂತರ ಅಲಹಾಬಾದ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿ 1946ರವರೆಗೆ ಇದ್ದು, ನಿವೃತ್ತಿಯ ನಂತರ ಇಂಡಿ ತಾಲೂಕಿನ ನಿಂಬಾಳದಲ್ಲಿ, ರೈಲು ನಿಲ್ದಾಣದ ಸಮೀಪದ ಆಶ್ರಮದಲ್ಲಿ ನೆಲೆಸಿ, 1957ರ ಜೂನ್ 6ರಂದು ತೀರಿಕೊಂಡರು. ಉಪನಿಷತ್ತುಗಳ ತತ್ತ್ವವನ್ನು ಕುರಿತ 1926ರ ಇಂಗ್ಲಿಷ್ ಗ್ರಂಥ, ಮಹಾರಾಷ್ಟ್ರದ ಅನುಭಾವಿಗಳನ್ನು ಕುರಿತ 1933ರ ಗ್ರಂಥ, ಮರಣಾನಂತರ 1960ರಲ್ಲಿ ಬಂದ ಕನ್ನಡ ಸಾಹಿತ್ಯದಲ್ಲಿನ ಭಗವನ್ಮಾರ್ಗವನ್ನು ಕುರಿತ ಗ್ರಂಥ ಇವೆಲ್ಲ ಕೆಲಸದ ದಿನಗಳಲ್ಲಿ ನೇಮದ ಹೊತ್ತನ್ನು ಮೊದಲು ತೆಗೆದಿಟ್ಟು, ಉಳಿದ ಹೊತ್ತಿನಲ್ಲಿ ಬರೆದವು.

ರಾನಡೆಯವರ ಚಿಂತನೆಯಲ್ಲಿ ನಿತ್ಯಸಾಧನೆಗೆ ಸಂಬಂಧಪಟ್ಟ ಮುಖ್ಯ ಅಂಶವೊಂದು ಗಣಿತದಿಂದ ಬಂದಿದೆ. ಒಂದು ವಕ್ರರೇಖೆ ಒಂದು ಸರಳರೇಖೆಯತ್ತ ಸದಾ ಹತ್ತಿರ ಹತ್ತಿರ ಸರಿಯುತ್ತ ಎಷ್ಟು ದೂರ ಸಾಗಿದರೂ ಅದನ್ನು ಮುಟ್ಟದೆ ಇರುವ ಸಂಬಂಧವೊಂದನ್ನು ಗಣಿತಜ್ಞರು ಬಲ್ಲರು. ಸಾಧಕನು ದೇವರನ್ನು ಸಮೀಪಿಸುವ ಬಗೆ ಅಂಥದು ಎಂದು ರಾನಡೆ ವಾದಿಸಿದರು. ಅನುಭಾವಿಗಳು ಪೂರ್ಣ ಐಕ್ಯವನ್ನು ಘೋಷಿಸಿಕೊಳ್ಳುವ ದೇಶದಲ್ಲಿ ಇದು ಧೈರ್ಯದ ಮಾತು. ಇದರಿಂದ ಹುಟ್ಟುವ ಫಲಿತಾಂಶವೂ ಸ್ಪಷ್ಟ: ಮುಟ್ಟುವುದೇ ಇಲ್ಲವಾದರೆ ನಿಲ್ಲಿಸುವ ದಿನವೂ ಇಲ್ಲ, ಸಿದ್ಧನಾದವನಿಗೂ ನಾಳೆಯ ನಸುಕಿನ ನೇಮ ತಪ್ಪುವುದಿಲ್ಲ. ಅಲಹಾಬಾದಿನ ಪ್ರಾಧ್ಯಾಪಕ ಇಲ್ಲಿ ಉಮದಿಯ ದಿನಚರಿಗೆ ತತ್ತ್ವದ ಸಮರ್ಥನೆಯನ್ನು ಒದಗಿಸಿದರೆನ್ನಬೇಕು.

ಇನ್ನೊಂದು ಕವಲು ಈ ಸಮರ್ಥನೆಯನ್ನೇ ಪ್ರಶ್ನಿಸಿತು. ಸೊಲ್ಲಾಪುರ ಸೀಮೆಯ ಪಾಥರಿಯಲ್ಲಿ 1888ರಲ್ಲಿ ಹುಟ್ಟಿ, ವಿಜಯಪುರದ ಮಾರವಾಡಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ ಸಿದ್ಧರಾಮೇಶ್ವರ ಮಹಾರಾಜರು 1906ರಲ್ಲಿ ಭಾವೂಸಾಹೇಬರಿಂದ ಉಪದೇಶ ಪಡೆದವರು. ಸಾಧನಮಾರ್ಗಗಳನ್ನು ಪಿಪೀಲಿಕಾ ಮಾರ್ಗ, ವಿಹಂಗಮ ಮಾರ್ಗ ಎಂದು ಎರಡಾಗಿ ವಿಂಗಡಿಸುವುದು ಹಳೆಯ ಪದ್ಧತಿ, ವರಾಹೋಪನಿಷತ್ತಿನಲ್ಲಿಯೇ ಅದು ಬರುತ್ತದೆ. ಮೊದಲನೆಯದು ಇರುವೆಯ ಹಾಗೆ ಮರದ ಬುಡದಿಂದ ಹಣ್ಣಿನವರೆಗೆ ತೆವಳುವುದು, ಎರಡನೆಯದು ಹಕ್ಕಿಯ ಹಾಗೆ ನೇರವಾಗಿ ಹಾರಿ ಹಣ್ಣನ್ನು ಸೇರುವುದು. ಭಾವೂಸಾಹೇಬರ ನೇಮ ಇರುವೆಯ ದಾರಿ. ಗುರುವಿನ ಮರಣದ ನಂತರ, 1920ರ ಸುಮಾರಿಗೆ, ನಾಮಧ್ಯಾನವನ್ನೂ ದಾಟಿ ವಿಚಾರದಿಂದಲೇ ನೇರವಾಗಿ ತಲುಪಲು ಸಾಧ್ಯವೆಂದು ಸಿದ್ಧರಾಮೇಶ್ವರರಿಗೆ ತೋರಿತು. ಗುರು ಕಲಿಸಿದ್ದನ್ನು ಬಿಡಬಾರದೆಂದು ಗುರುಬಂಧುಗಳು ವಿರೋಧಿಸಿದರೂ ಅವರು ವಿಜಯಪುರಕ್ಕೆ ಮರಳಿ, ಸ್ನೇಹಿತರೊಬ್ಬರ ಹೊಲದಲ್ಲಿ ಕಟ್ಟಿದ ಅಟ್ಟದ ಮೇಲೆ ಒಂಬತ್ತು ತಿಂಗಳು ಧ್ಯಾನದಲ್ಲಿ ಕುಳಿತರು. ಅಲ್ಲಿಂದ ಎದ್ದು ಬಂದು ಅವರು ಬೋಧಿಸಿದ್ದು ಹಕ್ಕಿಯ ದಾರಿಯನ್ನು. ಆದರೆ 1906ರಿಂದ 1920ರವರೆಗಿನ ಹದಿನಾಲ್ಕು ವರ್ಷಗಳ ನೇಮವನ್ನೂ ಅಟ್ಟದ ಮೇಲಿನ ಒಂಬತ್ತು ತಿಂಗಳನ್ನೂ ಲೆಕ್ಕಕ್ಕೆ ಹಿಡಿದವರು ಆ ಹಾರಾಟವನ್ನು ಹಠಾತ್ತಾದದ್ದೆಂದು ಕರೆಯಲಾರರು. ಇರುವೆಯಾಗಿ ಬಹುದೂರ ತೆವಳಿದವರಿಗೆ ಮಾತ್ರ ಆ ರೆಕ್ಕೆ ಮೂಡಿತೋ, ಅಥವಾ ತೆವಳಿದ್ದು ವ್ಯರ್ಥವೋ ಎಂಬ ಜಗಳ ಶಿಷ್ಯವರ್ಗದಲ್ಲಿ ಇಂದಿಗೂ ಮುಗಿದಿಲ್ಲ.

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ವಿಜಯಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ, ಜತ್ತ ತಾಲೂಕು ಮುಂಬಯಿ ರಾಜ್ಯದಲ್ಲಿಯೂ 1960ರಿಂದ ಮಹಾರಾಷ್ಟ್ರದಲ್ಲಿಯೂ ಉಳಿದದ್ದರಿಂದ ಭಾವೂಸಾಹೇಬರ ಹುಟ್ಟೂರು ಒಂದು ರಾಜ್ಯದಲ್ಲಿ, ಅವರ ಸಮಾಧಿ ಇನ್ನೊಂದು ರಾಜ್ಯದಲ್ಲಿ ಆಯಿತು. ಗಡಿಯ ಎರಡೂ ಕಡೆಯ ರಾಜಕಾರಣಿಗಳು ಭಾಷೆಯ ಅಭಿಮಾನವನ್ನು ಸಭೆಗಳಲ್ಲಿ ಅಳೆದರು. ಮನೆಯ ಮೂಲೆಯಲ್ಲಿ ನಡೆಯುವ ನೇಮಕ್ಕೆ ಈ ಗೆರೆಯಿಂದ ಅಡ್ಡಿಯಾಗಲಿಲ್ಲ. ಜತ್ತ ಸೀಮೆಯ ಕನ್ನಡದ ವಿಷಯದಲ್ಲಿಯೂ ಇಂಥದೊಂದು ವ್ಯತ್ಯಾಸವನ್ನು ಗಮನಿಸಬೇಕು: ಇಲ್ಲಿ ಕನ್ನಡ ಉಳಿದದ್ದು ಠರಾವುಗಳಿಗಿಂತ ಹೆಚ್ಚಾಗಿ ದಿನವೂ ಹಾಡುವ ಪದದಲ್ಲಿ, ಕನ್ನಡ ಮಾಧ್ಯಮದ ಶಾಲೆಗೆ ಮಗುವನ್ನು ದಿನವೂ ಕಳಿಸುವ ಮನೆಯಲ್ಲಿ.

ಪರಂಪರೆ ಈ ಸೀಮೆಯ ಆಚೆಗೂ ಹೋಯಿತು. ಸಿದ್ಧರಾಮೇಶ್ವರರು 1936ರಲ್ಲಿ ಮುಂಬಯಿಯಲ್ಲಿ ತೀರಿಕೊಳ್ಳುವುದಕ್ಕೆ ಮೂರು ವರ್ಷ ಮೊದಲು, ಬೀಡಿ ಅಂಗಡಿಯ ಮಾಲೀಕ ಮಾರುತಿ ಕಾಂಬಳಿ ಎಂಬವರು ಅವರಿಂದ ಉಪದೇಶ ಪಡೆದಿದ್ದರು. ನಿಸರ್ಗದತ್ತ ಮಹಾರಾಜರೆಂದು ಮುಂದೆ ಪ್ರಸಿದ್ಧರಾದವರು ಇವರೇ. ಔಂಧದ ರಾಜನ ಜೊತೆ 1939ರ ಗ್ರಾಮಸ್ವರಾಜ್ಯದ ಸಂವಿಧಾನಕ್ಕಾಗಿ ದುಡಿದಿದ್ದ ಪೋಲಿಷ್ ಮೂಲದ ಎಂಜಿನಿಯರ್ ಮೌರೀಸ್ ಫ್ರೀಡಮನ್ ಇವರ ಸಂಭಾಷಣೆಗಳನ್ನು ಇಂಗ್ಲಿಷಿಗೆ ತಂದು 1973ರಲ್ಲಿ ‘ಐ ಆಮ್ ದಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ ಮೇಲೆ, ನೀಲಗಾರ ನಿಂಬರಗಿ ಮಹಾರಾಜರಿಂದ ಹೊರಟ ಪರಂಪರೆ ಯುರೋಪು, ಅಮೆರಿಕಗಳ ಓದುಗರನ್ನು ಮುಟ್ಟಿತು. ಆ ಗ್ರಂಥವನ್ನು ಓದಿದವರಲ್ಲಿ ಅನೇಕರು ಅದನ್ನು ಸಾಧನೆಯ ಹಂಗಿಲ್ಲದ ನೇರ ಜ್ಞಾನದ ಪುಸ್ತಕವೆಂದು ತಿಳಿದರು. ಆದರೆ ಮುಂಬಯಿಯ ಖೇತವಾಡಿಯಲ್ಲಿದ್ದ ನಿಸರ್ಗದತ್ತರ ಮನೆಯ ಸಣ್ಣ ಮಾಳಿಗೆಯಲ್ಲಿ ನಸುಕಿನ ಆರತಿಯಿಂದ ಮೊದಲ್ಗೊಂಡು ದಿನಕ್ಕೆ ಹಲವು ಬಾರಿ ಭಜನೆ ನಡೆಯುತ್ತಿತ್ತು, ಗುರುಗಳ ಚಿತ್ರಗಳಿಗೆ ಪೂಜೆಯಾಗುತ್ತಿತ್ತು, ಮಹಾರಾಜರೇ ಟಾಳ ಹಿಡಿದು ಹಾಡುತ್ತಿದ್ದರು. ವಿದೇಶದಿಂದ ಬಂದವರು ಪ್ರಶ್ನೋತ್ತರದ ವೇಳೆಗೆ ಬಂದು ಕೂಡುತ್ತಿದ್ದರು. ಇಂಗ್ಲಿಷಿಗೆ ಹೋದದ್ದು ಆ ವೇಳೆಯ ಮಾತು, ಭಜನೆಯ ವೇಳಾಪಟ್ಟಿ ಪುಸ್ತಕಕ್ಕೆ ಸೇರಲಿಲ್ಲ.